ಸಹಾಯ ಬೇಕು: ಲೆಕ್ಚರ್ ಮನೆಯಲ್ಲಿ, ಲೆಕ್ಕ ಕ್ಲಾಸಿನಲ್ಲಿ – ಮಾಡಿ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಈ ಸಲ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ಗೆ (ಭಾರ ಬಿದ್ದಾಗ ವಸ್ತುಗಳು ಎಷ್ಟು ತಡೆಯುತ್ತವೆ ಅನ್ನುವ ವಿಷಯ) ಎರಡು ಸೆಕ್ಷನ್ ಸಿಕ್ಕಿದೆ. ಒಂದಕ್ಕೆ ಮಾಮೂಲಿನಂತೆ ಬೋರ್ಡ್ ಮೇಲೆ ಪಾಠ. ಇನ್ನೊಂದು ಸೆಕ್ಷನ್ನಿನವರು ಎನ್‌ಪಿಟಿಇಎಲ್ (ಐಐಟಿಗಳ ಉಚಿತ ಆನ್‌ಲೈನ್ ಪಾಠ) ವಿಡಿಯೋ ಮನೆಯಲ್ಲಿ ನೋಡಿಕೊಂಡು ಬರಬೇಕು, ಕ್ಲಾಸಿನಲ್ಲಿ ನಾಲ್ಕು ನಾಲ್ಕು ಜನ ಕೂತು ಲೆಕ್ಕ ಬಿಡಿಸಬೇಕು ಅಂತ ಯೋಚನೆ.

ಕಾರಣ ಇದೆ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ (ಭಾರ ಹೊತ್ತ ತೊಲೆಯನ್ನು ಬಗ್ಗಿಸುವ ಪರಿಣಾಮ ಎಲ್ಲಿ ಎಷ್ಟು ಅಂತ ತೋರಿಸುವ ಚಿತ್ರ) ನಾನು ಬಿಡಿಸುವಾಗ ಎಲ್ಲರೂ ತಲೆಯಾಡಿಸುತ್ತಾರೆ. ಲೋಡ್ ಸ್ವಲ್ಪ ಆಚೀಚೆ ಮಾಡಿ ಕೊಟ್ಟರೆ ಪೆನ್ನು ನಿಂತುಬಿಡುತ್ತದೆ. ಮೊದಲ ಬೆಂಚಿನವರೂ ಅಷ್ಟೇ. ಇದು ನನಗೆ ತುಂಬಾ ಬೇಜಾರಿನ ವಿಷಯ.

2014ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ ಓದಿದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಸೇರಿಸಿ ನೋಡಿದ್ದಾರೆ. ಬರೀ ಲೆಕ್ಚರ್ ಇದ್ದಲ್ಲಿ ಸರಾಸರಿ ಶೇ. 33.8 ಮಂದಿ ಫೇಲ್, ಮಕ್ಕಳೇ ಕೈಹಾಕಿ ಕಲಿತ ಕಡೆ ಶೇ. 21.8. ಆದರೆ ಅಲ್ಲಿ ಗುಂಪು ಚರ್ಚೆಯಿಂದ ಹಿಡಿದು ಹಲವು ವಿಧಾನ ಸೇರಿವೆ. ವಿಡಿಯೋದಿಂದಲೇ ಲಾಭ ಆಯಿತು ಅನ್ನಲು ಬರುವುದಿಲ್ಲ, ಅಲ್ವಾ?

ನನ್ನ ದೊಡ್ಡ ಪ್ರಶ್ನೆ ಹೋಲಿಕೆಯದ್ದು. ಎರಡೂ ಸೆಕ್ಷನ್‌ಗೆ ಶುರುವಿನಲ್ಲೇ ಒಂದೇ ಟೆಸ್ಟ್ ಕೊಟ್ಟು, ಕೊನೆಯಲ್ಲಿ ಮತ್ತೊಂದು ಕೊಟ್ಟರೆ ಸಾಕೇ? ಹೊಸ ವಿಧಾನದ ಸೆಕ್ಷನ್ನಿನವರು ಮನೆಯಲ್ಲೂ ಜಾಸ್ತಿ ಹೊತ್ತು ಕೂರುತ್ತಾರಲ್ಲ, ಅದನ್ನು ಹೇಗೆ ಲೆಕ್ಕ ಹಿಡಿಯುವುದು?

ಕಾರ್ಕಳ, ಹೆಬ್ರಿ ಕಡೆಯಿಂದ ಬಸ್ಸಿನಲ್ಲಿ ಬರುವವರಿದ್ದಾರೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವಿಡಿಯೋಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು ನೋಡಿದವರು ಇದ್ದೀರಾ? ಗುಂಪಿನಲ್ಲಿ ಒಬ್ಬನೇ ಬಿಡಿಸಿ ಉಳಿದವರು ಸುಮ್ನೆ ಕಾಪಿ ಮಾಡದಂತೆ ಏನು ಮಾಡಿದಿರಿ? ಹೀಗೆ ಕಲಿತ ಮಕ್ಕಳೂ ದಯವಿಟ್ಟು ಬರೆಯಿರಿ. ಮುಂದಿನ ಸೋಮವಾರ ಕ್ಲಾಸ್ ಶುರು.