ಸಂವಿಧಾನ ತಿದ್ದುಪಡಿ: ವಕೀಲರನ್ನು ಕೇಳಿ (ಚಿತ್ರದುರ್ಗ–ದಾವಣಗೆರೆ ಸದಸ್ಯರ ಪ್ರಶ್ನೋತ್ತರ)

ಪ್ರಶ್ನೆ (ಹೊಳಲ್ಕೆರೆ, ಪಿಯು ಉಪನ್ಯಾಸಕರು): ವಕೀಲರೇ ನಮಸ್ಕಾರ. ‘ಒಂದು ದೇಶ, ಒಂದು ಚುನಾವಣೆ’ ಮಸೂದೆಗೆ ಲೋಕಸಭೆಯಲ್ಲಿ 269 ಮತ ಪರ, 198 ವಿರೋಧ ಬಿತ್ತು ಅಂತ ಓದಿಕೊಂಡು ಬಂದ ಹುಡುಗರು “ಪಾಸಾಯ್ತಲ್ಲ ಸರ್” ಅಂತಾರೆ. ಅವರಿಗೆ ಹೇಗೆ ವಿವರಿಸಲಿ?

ಉತ್ತರ: ಆ ಮತದಾನದಿಂದ ಮಸೂದೆ ಪಾಸಾಗಲಿಲ್ಲ ಸರ್. 2024ರ ಡಿಸೆಂಬರ್ 17ರಂದು ಸದನ ತೀರ್ಮಾನಿಸಿದ್ದು 129ನೇ ತಿದ್ದುಪಡಿ ಮಸೂದೆಯನ್ನು ಮಂಡಿಸಲು ಬಿಡಬೇಕೇ ಬೇಡವೇ ಎಂಬುದನ್ನು ಮಾತ್ರ. ಮಂಡನೆಗೆ ಸಾದಾ ಬಹುಮತ ಸಾಕು. ಆಮೇಲೆ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು.

ಪಾಸಾಗಲು 368ನೇ ವಿಧಿ ಎರಡು ಲೆಕ್ಕ ಕೇಳುತ್ತದೆ. ಎರಡೂ ಒಟ್ಟಿಗೇ ಕೂಡಿಬರಬೇಕು. ಒಂದು, ಸದನದ ಒಟ್ಟು ಸದಸ್ಯ ಬಲದ ಅರ್ಧಕ್ಕಿಂತ ಹೆಚ್ಚು: ಲೋಕಸಭೆಯ 543ರಲ್ಲಿ 272, ರಾಜ್ಯಸಭೆಯ 245ರಲ್ಲಿ 123. ಖಾಲಿ ಇರುವ ಸ್ಥಾನಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಎರಡು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ. ಅಂದು ಮತ ಹಾಕಿದವರು 467 ಮಂದಿ. ಅದರ ಮೂರನೇ ಎರಡು ಭಾಗ ಎಂದರೆ 312 ಮತ. ಬಿದ್ದದ್ದು 269. ಅಂತಿಮ ಮತದಾನ ಅದೇ ರೀತಿ ನಡೆದರೆ ಮಸೂದೆ ಎರಡೂ ಲೆಕ್ಕದಲ್ಲಿ ಬೀಳುತ್ತದೆ. ಹುಡುಗರ ಕೈಯಿಂದಲೇ ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿ, ಮರೆಯುವುದಿಲ್ಲ.

ಇನ್ನೊಂದು: ಸಾಮಾನ್ಯ ಮಸೂದೆಗೆ ಎರಡು ಸದನಗಳ ನಡುವೆ ಜಗ್ಗಾಟ ಬಂದರೆ ಜಂಟಿ ಅಧಿವೇಶನ ಕರೆಯಬಹುದು. ಸಂವಿಧಾನ ತಿದ್ದುಪಡಿಗೆ ಆ ದಾರಿಯೇ ಇಲ್ಲ. ಎರಡೂ ಸದನ ಬೇರೆ ಬೇರೆಯಾಗಿಯೇ ಒಪ್ಪಬೇಕು.

ಪ್ರಶ್ನೆ (ಅದೇ ಸದಸ್ಯರು): ಜಾರಿಯಾದರೆ ಕರ್ನಾಟಕದ ವಿಧಾನಸಭೆಗೆ ಏನಾಗುತ್ತದೆ?

ಉತ್ತರ: ಮಸೂದೆಯು 82ಎ ಎಂಬ ಹೊಸ ವಿಧಿ ಸೇರಿಸುತ್ತದೆ, 83, 172 ಮತ್ತು 327ನೇ ವಿಧಿಗಳನ್ನು ತಿದ್ದುತ್ತದೆ. ಸಾರ್ವತ್ರಿಕ ಚುನಾವಣೆ ಮುಗಿದು ಹೊಸ ಲೋಕಸಭೆ ಮೊದಲು ಸೇರುವ ದಿನ ರಾಷ್ಟ್ರಪತಿಗಳು ಅಧಿಸೂಚನೆ ಹೊರಡಿಸಬಹುದು. ಆ ದಿನಾಂಕದ ನಂತರ ಆಯ್ಕೆಯಾದ ಎಲ್ಲ ವಿಧಾನಸಭೆಗಳ ಅವಧಿ, ಆ ಲೋಕಸಭೆಯ ಐದು ವರ್ಷ ಮುಗಿದಾಗಲೇ ಮುಗಿಯುತ್ತದೆ.

ನಮ್ಮ ರಾಜ್ಯಕ್ಕೆ ಹಾಕಿ ನೋಡಿ. ಅಧಿಸೂಚನೆ 2029ರಲ್ಲಿ ಬಂತು ಅಂದುಕೊಳ್ಳಿ. ನಮ್ಮ ವಿಧಾನಸಭೆ ಚುನಾವಣೆ 2023ರಲ್ಲಿ ಆಗಿದೆ, ಮುಂದಿನದು 2028. ಆ ಸಭೆ ಅಧಿಸೂಚನೆಗೆ ಮೊದಲೇ ಆಯ್ಕೆಯಾದದ್ದು, ಹಾಗಾಗಿ 2033ರವರೆಗೆ ನಡೆಯುತ್ತದೆ. 2033ರಲ್ಲಿ ನಾವು ಆರಿಸುವ ಸಭೆ ಮಾತ್ರ 2034ಕ್ಕೇ ಮುಗಿದುಹೋಗುತ್ತದೆ. ಒಂದು ವರ್ಷದ ಸರ್ಕಾರ! ಮೊದಲ ಬಜೆಟ್ಟಿನ ಕಾಮಗಾರಿಗೆ ಟೆಂಡರ್ ಕರೆದು ಮುಗಿಸುವಷ್ಟರಲ್ಲಿ ನೀತಿ ಸಂಹಿತೆ ಬಂದಿರುತ್ತದೆ.

ಮಧ್ಯದಲ್ಲಿ ಸರ್ಕಾರ ಬಿದ್ದು ಸಭೆ ವಿಸರ್ಜನೆಯಾದರೆ ಹೊಸದಾಗಿ ಚುನಾವಣೆ ನಡೆಯುತ್ತದೆ, ಆದರೆ ಉಳಿದ ಅವಧಿಗಷ್ಟೇ. ನನ್ನ ಮಟ್ಟಿಗೆ ಈ ಮಸೂದೆಯ ಅತಿ ದುರ್ಬಲ ಜಾಗ ಬೇರೆಯದು: ಒಂದು ರಾಜ್ಯದ ಚುನಾವಣೆಯನ್ನು ಲೋಕಸಭೆಯ ಜೊತೆ ನಡೆಸಲಾಗದು ಎಂದು ಆಯೋಗಕ್ಕೆ ಅನಿಸಿದರೆ ಮುಂದೂಡಲು ಶಿಫಾರಸು ಮಾಡಬಹುದು. ಎಷ್ಟು ತಿಂಗಳು ಮುಂದೂಡಬಹುದು ಎಂಬ ಮಿತಿಯನ್ನೇ ಹಾಕಿಲ್ಲ. ಒಂದೇ ಬಾರಿಗೆ ಚುನಾವಣೆ ಆಗಲಿ ಎನ್ನುವವರೂ ಈ ಖಂಡಕ್ಕೆ ಮಿತಿ ಕೇಳಬೇಕು.

ಪ್ರಶ್ನೆ (ಜಗಳೂರು, ಗ್ರಾಮ ಪಂಚಾಯಿತಿ ಸದಸ್ಯೆ): ಸರ್, ನಮ್ಮ ಪಂಚಾಯಿತಿ ಚುನಾವಣೆಯೂ ಇದರಲ್ಲೇ ಸೇರುತ್ತದೆಯೇ?

ಉತ್ತರ: ಇಲ್ಲಮ್ಮ, 129ನೇ ಮಸೂದೆಯಲ್ಲಿ ಸೇರಿಲ್ಲ. ಲೋಕಸಭೆ–ವಿಧಾನಸಭೆ ಚುನಾವಣೆಯಾದ 100 ದಿನದೊಳಗೆ ಸ್ಥಳೀಯ ಸಂಸ್ಥೆಗಳದ್ದೂ ಆಗಲಿ ಎಂದು ರಾಮನಾಥ ಕೋವಿಂದ್ ಸಮಿತಿ 2024ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಹೇಳಿತ್ತು. ಅದಕ್ಕೆ ರಾಜ್ಯಗಳ ಅನುಮೋದನೆ ಬೇಕೆಂದೂ ಅದೇ ವರದಿ ಹೇಳಿದೆ.

ಪ್ರಶ್ನೆ (ಚನ್ನಗಿರಿ, ಸಹಕಾರ ಸಂಘದ ನಿರ್ದೇಶಕರು): ರಾಜ್ಯಗಳ ಅನುಮೋದನೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ? ನಮ್ಮ ಸಂಘದ ನಿಯಮ ಸಂವಿಧಾನಕ್ಕೇ ಸೇರಿದೆ ಅಂತ ಒಮ್ಮೆ ತರಬೇತಿಯಲ್ಲಿ ಹೇಳಿದ್ದರು. ಆಮೇಲೆ ಕೋರ್ಟು ತೆಗೆದುಹಾಕಿತು ಅಂದರು. ಒಂದೂ ತಿಳಿಯಲಿಲ್ಲ.

ಉತ್ತರ: ಅಣ್ಣಾ, ಈ ಗುಂಪಿನಲ್ಲಿ ಎಲ್ಲರೂ ಗಮನಿಸಬೇಕಾದ ಪ್ರಶ್ನೆ ಇದು. ಯಾವ ತಿದ್ದುಪಡಿ ಬಂದರೂ ಮೊದಲು ನೋಡಬೇಕಾದದ್ದು ಅದು ಯಾವ ವಿಧಿಗೆ ಕೈ ಹಾಕಿದೆ ಎಂಬುದನ್ನು. 368(2)ರ ಪರಂತುಕದಲ್ಲಿ (ಅಂದರೆ ‘ಆದರೆ’ ಎಂದು ಷರತ್ತು ಹಾಕುವ ಭಾಗದಲ್ಲಿ) ಒಂದು ಪಟ್ಟಿ ಇದೆ: ರಾಷ್ಟ್ರಪತಿ ಚುನಾವಣೆ, ಕೇಂದ್ರ–ರಾಜ್ಯಗಳ ಕಾರ್ಯಾಂಗದ ವ್ಯಾಪ್ತಿ, ಸುಪ್ರೀಂ ಕೋರ್ಟು–ಹೈಕೋರ್ಟು, ಜಿಎಸ್‌ಟಿ ಮಂಡಳಿ, ಶಾಸನ ಮಾಡುವ ಅಧಿಕಾರದ ಹಂಚಿಕೆ, ಏಳನೇ ಅನುಸೂಚಿಯ ಮೂರು ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಮತ್ತು 368ನೇ ವಿಧಿಯೇ. ಇವನ್ನು ಮುಟ್ಟಿದರೆ ಸಂಸತ್ತಿನ ವಿಶೇಷ ಬಹುಮತದ ಮೇಲೆ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲ ನಿರ್ಣಯ ಮಾಡಿ ಒಪ್ಪಬೇಕು. ಈಗ 28 ರಾಜ್ಯ, ಅಂದರೆ 14. ಅದಾದ ಮೇಲೆಯೇ ರಾಷ್ಟ್ರಪತಿಗಳ ಅಂಕಿತ. ಸಂವಿಧಾನ ಸಭೆ ಈ ಬಾಗಿಲನ್ನು ಬೇಕೆಂದೇ ಇಟ್ಟಿತು. ದುರ್ಗದಲ್ಲಿ ವಕೀಲಿ ಮಾಡಿದ ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ದರು.

ನಿಮ್ಮ ಸಂಘದ ವಿಷಯಕ್ಕೆ ಬರೋಣ. 97ನೇ ತಿದ್ದುಪಡಿ 2012ರ ಫೆಬ್ರುವರಿ 15ರಂದು ಜಾರಿಗೆ ಬಂದು 9ಬಿ ಭಾಗವನ್ನು ಸೇರಿಸಿತು. ನಿರ್ದೇಶಕರು 21ಕ್ಕಿಂತ ಹೆಚ್ಚಿರಬಾರದು, ಆಡಳಿತ ಮಂಡಳಿಯ ಅವಧಿ ಐದು ವರ್ಷ, ಇತ್ಯಾದಿ. ಆದರೆ ಸಹಕಾರ ಸಂಘ ರಾಜ್ಯ ಪಟ್ಟಿಯ 32ನೇ ನಮೂದು. ಅದರ ಮೇಲೆ ರಾಜ್ಯ ಹೇಗೆ ಕಾನೂನು ಮಾಡಬೇಕೆಂದು ಸಂವಿಧಾನದಲ್ಲೇ ಕಟ್ಟಿಹಾಕಿದರೆ ರಾಜ್ಯದ ಶಾಸನಾಧಿಕಾರವನ್ನೇ ಮುಟ್ಟಿದಂತಾಯಿತು. ರಾಜ್ಯಗಳನ್ನು ಮಾತ್ರ ಕೇಳಿರಲಿಲ್ಲ. ಗುಜರಾತ್ ಹೈಕೋರ್ಟು 2013ರಲ್ಲಿ ಈ ಭಾಗವನ್ನು ರದ್ದು ಮಾಡಿತು. 2021ರ ಜುಲೈ 20ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಹಲವು ರಾಜ್ಯಗಳಲ್ಲಿ ಹರಡಿದ ಸಂಘಗಳಿಗಷ್ಟೇ ಆ ಭಾಗವನ್ನು ಉಳಿಸಿತು. ಅದರೊಳಗಿನ ವಿಷಯ ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು ಅಲ್ಲಿ ಬರಲೇ ಇಲ್ಲ. ಬಿದ್ದದ್ದು ದಾರಿ ತಪ್ಪಿದ್ದಕ್ಕೆ.

ನಿಮ್ಮ ಚುನಾವಣೆ, ಅನರ್ಹತೆ, ಲೆಕ್ಕಪರಿಶೋಧನೆಗೆಲ್ಲ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯನ್ನೇ ನೋಡಿ. ನೋಟಿಸಿಗೆ ಉತ್ತರ ಬರೆಯುವಾಗ 9ಬಿ ಭಾಗವನ್ನು ಉಲ್ಲೇಖಿಸಬೇಡಿ. ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಪ್ರಶ್ನೆ (ಹರಿಹರ): ಹಾಗಾದರೆ ಎರಡೂ ಸದನ, ಅರ್ಧ ರಾಜ್ಯ ಒಪ್ಪಿದರೆ ಏನು ಬೇಕಾದರೂ ಬದಲಿಸಬಹುದಾ?

ಉತ್ತರ: ಇಲ್ಲ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6ರಿಂದ, ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ನ್ಯಾಯಮೂರ್ತಿಗಳ ನೇಮಕಕ್ಕೆ ಆಯೋಗ ರಚಿಸಿದ 99ನೇ ತಿದ್ದುಪಡಿ ಎರಡೂ ಸದನ ದಾಟಿ, ರಾಜ್ಯಗಳ ಒಪ್ಪಿಗೆಯನ್ನೂ ಪಡೆದಿತ್ತು. ಆದರೂ 2015ರ ಅಕ್ಟೋಬರ್ 16ರಂದು 4–1ರಿಂದ ರದ್ದಾಯಿತು. 129ನೇ ಮಸೂದೆ ತಿದ್ದುವ ವಿಧಿಗಳು ಪರಂತುಕದ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅದು ಪಾಸಾದರೆ ಕೋರ್ಟಿನಲ್ಲಿ ವಾದ ನಡೆಯುವುದು ಒಕ್ಕೂಟ ವ್ಯವಸ್ಥೆ ಎಂಬ ಮೂಲ ರಚನೆಯ ಮೇಲೆ.

ಪ್ರಶ್ನೆ (ಮೊಳಕಾಲ್ಮೂರು): ನಮ್ಮ ತಾಲ್ಲೂಕನ್ನು 371(ಜೆ)ಗೆ ಸೇರಿಸಲು ಸಂವಿಧಾನವನ್ನೇ ತಿದ್ದಬೇಕಾ? ವಿಧಾನಸಭೆ ನಿರ್ಣಯ ಸಾಕಾಗಲ್ವಾ?

ಉತ್ತರ: 98ನೇ ತಿದ್ದುಪಡಿ ತಂದ, ಶಿಕ್ಷಣ–ಉದ್ಯೋಗದಲ್ಲಿ ಪ್ರದೇಶವಾರು ಮೀಸಲಾತಿಗೆ ದಾರಿ ಮಾಡುವ ಈ ವಿಧಿಯಲ್ಲಿ ‘ಹೈದರಾಬಾದ್–ಕರ್ನಾಟಕ ಪ್ರದೇಶ’ ಎಂದಷ್ಟೇ ಇದೆ. ಅದು ಕೆಲಸ ಮಾಡುವುದು ರಾಷ್ಟ್ರಪತಿಗಳ ಆದೇಶ ಮತ್ತು ಅದರಡಿ ರಾಜ್ಯಪಾಲರಿಗೆ ಬಂದ ಹೊಣೆಯ ಮೂಲಕ. ಬರೀ ವಿಧಾನಸಭೆ ನಿರ್ಣಯ ಒಂದು ಅಭಿಪ್ರಾಯ. ಅದರಿಂದ ಒಂದು ಸೀಟೂ ಮೀಸಲಾಗುವುದಿಲ್ಲ. ತಾಲ್ಲೂಕನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಸೇರಿಸುವುದು ಭೂಕಂದಾಯ ಕಾಯ್ದೆಯಡಿ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಗಿದ್ದು ಹಾಗೆಯೇ. ಮನವಿ ಬರೆಯುವಾಗ ಈ ಎರಡು ಬೇಡಿಕೆಯನ್ನು ಕಲಸಬೇಡಿ. ಆದೇಶದ ವ್ಯಾಪ್ತಿ ಹಿಗ್ಗಿಸಿ ಎನ್ನುವುದು ಒಂದು ಕಡತ, ಜಿಲ್ಲೆ ಬದಲಿಸಿ ಎನ್ನುವುದು ಇನ್ನೊಂದು.

ಪ್ರಶ್ನೆ (ಜಗಳೂರು, ಗ್ರಾಮ ಪಂಚಾಯಿತಿ ಸದಸ್ಯೆ): ಸರ್, ಇಂಥ ಮಸೂದೆ ಬಂದಾಗ ನಮ್ಮಂಥವರು ಎಲ್ಲಿ ಹೇಳಬೇಕು?

ಉತ್ತರ: ಸಮಿತಿಗೆ ಹೇಳಬೇಕಮ್ಮ. ಮಸೂದೆ ಸಮಿತಿಗೆ ಹೋದಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದುಂಟು. ಗಡುವು ಕೆಲವೇ ವಾರ, ಆಮೇಲೆ ಕಳಿಸಿದ್ದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಎರಡು ಪ್ರತಿ ಕೇಳುತ್ತಾರೆ. ಕನ್ನಡದಲ್ಲಿ ಬರೆದು, ಇಂಗ್ಲಿಷ್ ಅನುವಾದ ಮೇಲಿಟ್ಟು, ಕನ್ನಡ ಪ್ರತಿಯನ್ನು ಹಿಂದೆ ಲಗತ್ತಿಸಿ.

“ಈ ಮಸೂದೆ ಬೇಡ” ಎಂದು ನೂರು ಸಹಿ ಹಾಕಿಸುವುದಕ್ಕಿಂತ ಒಂದೇ ಪುಟ ಹೀಗೆ ಬರೆಯಿರಿ: ಖಂಡದ ಸಂಖ್ಯೆ, ಮಸೂದೆಯಲ್ಲಿರುವ ವಾಕ್ಯ, ಬದಲಿಗೆ ನೀವು ಕೇಳುವ ವಾಕ್ಯ, ಕಾರಣ ಎರಡೇ ಸಾಲು. ಮೇಲೆ ಹೇಳಿದ ಮುಂದೂಡಿಕೆಯನ್ನೇ ತೆಗೆದುಕೊಂಡರೆ, “ಆರು ತಿಂಗಳು ಮೀರದಂತೆ” ಎಂಬ ಪದಗಳನ್ನು ಸೇರಿಸಿ ಎಂದು ಕೇಳಬಹುದು. ಸಮಿತಿಯ ಮುಂದೆ ಖುದ್ದಾಗಿ ಮಾತನಾಡುವ ಇಚ್ಛೆ ಇದ್ದರೆ ಅದನ್ನೂ ಅದೇ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಕರೆಯುವುದಿಲ್ಲ. ಒಂದು ಪ್ರತಿಯನ್ನು ನಿಮ್ಮ ಸಂಸದರ ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕರಡು ತಯಾರಾದ ಮೇಲೆ ಇಲ್ಲಿ ಹಾಕಿ, ಖಂಡದ ಸಂಖ್ಯೆ ಸರಿಯಿದೆಯೇ ನೋಡಿಕೊಡುತ್ತೇನೆ.