ಅಪ್‌ಡೇಟ್: ಕೊನೆಗೆ ಮನೆಗೆ ಬಂದದ್ದು ಝಡ್‌ಝಡ್ ಗಿಡ
ವಿಜಯಪುರದ ನಮ್ಮ ಮನೆಗೆ ಕ್ಯಾಲಥಿಯಾ, ಮಾನ್‌ಸ್ಟೆರಾ, ಝಡ್‌ಝಡ್ ಈ ಮೂರು ಒಳಾಂಗಣ ಗಿಡಗಳಲ್ಲಿ ಯಾವುದು ಒಗ್ಗುತ್ತದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಮನಸಾರೆ ಧನ್ಯವಾದ.

ಕ್ಯಾಲಥಿಯಾದ ಚಿತ್ತಾರದ ಎಲೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ದಕ್ಷಿಣ ಅಮೆರಿಕದ ಮಳೆಕಾಡಿನ ನೆರಳಲ್ಲಿ ಹುಟ್ಟಿದ ಗಿಡ. ತೇವದ ಗಾಳಿ ಬೇಕು, ಲವಣವಿಲ್ಲದ ನೀರು ಬೇಕು. ನಮ್ಮಲ್ಲಿರುವುದು ಕೊಳವೆಬಾವಿಯ ಗಡಸು ನೀರು, ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಒಣ ಬಿಸಿಲು. ಎಲೆಯಂಚು ಕರಟದೆ ಇರುವುದಿಲ್ಲ. ಆ ಜೀವವನ್ನು ಹಿಂಸಿಸಲು ಮನಸ್ಸಾಗಲಿಲ್ಲ.

ಝಡ್‌ಝಡ್ ಪೂರ್ವ ಆಫ್ರಿಕಾದ್ದು. ಮಣ್ಣಿನೊಳಗಿನ ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರುಣಿಸುತ್ತೇನೆ. ಹೆಚ್ಚಾದರೆ ಗೆಡ್ಡೆ ಕೊಳೆಯುತ್ತದೆ. ಹೊಸ ಚಿಗುರು ಬಂದಿದೆ! ರಸ ಬಾಯಿಗೆ ಉರಿ ತರುವುದರಿಂದ ಮಗುವಿಗೆ ಎಟುಕದಂತೆ ಎತ್ತರದಲ್ಲಿಟ್ಟಿದ್ದೇವೆ. ಮಾನ್‌ಸ್ಟೆರಾವನ್ನು ಮಳೆಗಾಲದಲ್ಲಿ ತಂದು ಪೂರ್ವದ ಕಿಟಕಿಯ ಪಕ್ಕ ಬೆಳೆಸುತ್ತೇನೆ.