ಸ್ಕ್ಯಾನರ್ ತಗೊಳ್ಳುವ ಮುಂಚೆ ಇದನ್ನು ಪೂರ್ತಿ ಕೇಳು

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಕಾರಿನಲ್ಲಿ ಇಂಜಿನ್ ಲೈಟ್ ಬಂದಿದೆ, ಮನೆಯಲ್ಲೇ ಚೆಕ್ ಮಾಡಿಕೊಳ್ಳೋಣ ಅಂತ ಗಾಡಿಯ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಓದುವ ಎರಡು ಸ್ಕ್ಯಾನರ್ ಫೋಟೋ ಹಾಕಿದ್ದೀಯ. ಒಂದು ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಅಡಾಪ್ಟರ್, ಇನ್ನೊಂದು ಟ್ಯಾಬ್ಲೆಟ್ ಥರದ್ದು. ಯಾವುದು ಒಳ್ಳೇದು ಅಂತ ಕೇಳಿದ್ದೀಯ. ಹೇಳುತ್ತೇನೆ. ಅದಕ್ಕಿಂತ ಮೊದಲು ಹೋಗಿ ಆ ಲೈಟ್ ಒಂದೇ ಸಮ ಉರಿಯುತ್ತಿದೆಯಾ, ಮಿನುಗುತ್ತಿದೆಯಾ ನೋಡು. ಮಿನುಗುತ್ತಿದ್ದರೆ ಮಿಸ್‌ಫೈರ್ (ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಜೋರಾಗಿದೆ ಅಂತ ಅರ್ಥ. ಸುಡದೆ ಉಳಿದ ಪೆಟ್ರೋಲ್ ಹೊಗೆಯ ಜೊತೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಹಾಳು ಮಾಡುತ್ತದೆ. ಹಾಗಿದ್ದರೆ ಗಾಡಿ ತೆಗೆಯಲೇಬೇಡ. ಒಂದೇ ಸಮ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದು, ಟೆಂಪರೇಚರ್ ಸರಿ ಇದ್ದರೆ ಗಾಬರಿ ಬೇಡ, ನಿಧಾನವಾಗಿ ನೋಡೋಣ.

ನನ್ನ ಗಾಡಿಗೆ ಒಮ್ಮೆ ಪಿ0171 ಅನ್ನುವ ಕೋಡ್ ಬಂದಿತ್ತು. ಅಂದರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆಗ ನನ್ನ ಹತ್ತಿರ ಇದ್ದದ್ದು ಬರೀ ಕೋಡ್ ತೋರಿಸುವ ಸಾಧನ. ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಹೋಗಿರಬೇಕು ಅಂದುಕೊಂಡು ಹೊಸದು ಹಾಕಿಸಿದೆ. ಮೂರೇ ದಿನ, ಲೈಟ್ ಮತ್ತೆ ಬಂತು. ಆಮೇಲೆ ಗೆಳೆಯನಿಂದ ಲೈವ್ ಡೇಟಾ, ಅಂದರೆ ಇಂಜಿನ್ ಓಡುವಾಗಲೇ ಸೆನ್ಸರ್‌ಗಳ ಅಂಕಿ ತೋರಿಸುವ ಸ್ಕ್ಯಾನರ್ ಇಸ್ಕೊಂಡು ಬಂದು ಫ್ಯುಯಲ್ ಟ್ರಿಮ್ (ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿದೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ದಿನ ಕಳೆದಂತೆ ಕಲಿತದ್ದು) ಎರಡೂ ಸೇರಿ ಪ್ಲಸ್ 24 ಶೇಕಡಾ. ಸಾಮಾನ್ಯವಾಗಿ 10ರ ಒಳಗೆ ಇರಬೇಕು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದರೆ 6ಕ್ಕೆ ಇಳಿಯಿತು. ಇದು ಎಲ್ಲೋ ಗಾಳಿ ಸೋರುವಾಗ ಬರುವ ಲಕ್ಷಣ. ಐಡಲ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ಬಾನೆಟ್ ಎತ್ತಿ ಕಿವಿಗೊಟ್ಟು ಕೇಳಿದರೆ ಇನ್‌ಟೇಕ್ (ಇಂಜಿನ್‌ಗೆ ಗಾಳಿ ಹೋಗುವ ದಾರಿ) ಹಿಂದುಗಡೆ ಸಣ್ಣಗೆ ಉಸ್ ಅನ್ನುವ ಸದ್ದು. ಒಂದು ರಬ್ಬರ್ ಪೈಪ್ ಬಾಗಿದ ಜಾಗದಲ್ಲಿ ಉಗುರಿನಷ್ಟು ಬಿರುಕು. ಬೆರಳಿನಿಂದ ಅದನ್ನು ಒತ್ತಿ ಹಿಡಿದೆ, ಪರದೆಯ ಮೇಲೆ ಶಾರ್ಟ್ ಟರ್ಮ್ ಅಂಕಿ ಸರ್ರನೆ ಇಳಿಯಿತು. ಸೆನ್ಸರ್‌ಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು. (ನೀನೂ ಹಾಗೆ ನೋಡುವುದಾದರೆ ಫ್ಯಾನ್, ಬೆಲ್ಟ್ ಹತ್ತಿರ ಕೈ, ಅಂಗಿಯ ತೋಳು ಹೋಗದ ಹಾಗೆ ನೋಡಿಕೋ.)

ಅದಕ್ಕೇ ಹೇಳುವುದು, ಕೋಡ್ ಅಂದರೆ ಹಾಳಾದ ಪಾರ್ಟ್‌ನ ಹೆಸರಲ್ಲ. ಎಷ್ಟೇ ಅಗ್ಗದ ಸ್ಕ್ಯಾನರ್ ತಗೊಂಡರೂ ಲೈವ್ ಡೇಟಾ ಇರಲೇಬೇಕು. ಫ್ರೀಜ್ ಫ್ರೇಮ್ ಕೂಡ ಇರಲಿ. ಲೈಟ್ ಬಂದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಇಂಜಿನ್ ಬಿಸಿಯಾಗಿತ್ತಾ, ಎಲ್ಲ ಅದರಲ್ಲಿ ಉಳಿದಿರುತ್ತದೆ.

ಇನ್ನು ಆ ಚಿಕ್ಕ ಅಡಾಪ್ಟರ್. ಅದನ್ನು ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್ ಆ್ಯಪ್‌ನಲ್ಲಿ ನೋಡಬೇಕು. ಟಾರ್ಕ್, ಕಾರ್ ಸ್ಕ್ಯಾನರ್ ಥರದ ಆ್ಯಪ್‌ಗಳಲ್ಲಿ ಲೈವ್ ಡೇಟಾ ಚೆನ್ನಾಗಿಯೇ ಬರುತ್ತದೆ. ಆದರೆ ನಿನ್ನದು ಐಫೋನ್ ಅಲ್ವಾ? ನೀನು ಕಳಿಸಿದ ಫೋಟೋದಲ್ಲಿ ಇರುವುದು ಹಳೇ ಥರದ ಬ್ಲೂಟೂತ್, ಐಫೋನ್‌ಗೆ ಸೇರುವುದಿಲ್ಲ. ಬ್ಲೂಟೂತ್ ಎಲ್‌ಇ ಅಥವಾ ವೈಫೈ ಇರುವುದು ಬೇಕು. ಇನ್ನೊಂದು, ಡಬ್ಬದ ಮೇಲೆ ಇಎಲ್‌ಎಂ327 ವಿ1.5 ಅಂತ ಬರೆದಿದೆ. ಅದು ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಚಿಪ್‌ನ ಹೆಸರು, ವರ್ಷನ್. ಆ ಚಿಪ್‌ನಲ್ಲಿ ಮೂಲ ಕಂಪನಿ 1.5 ಅನ್ನುವುದನ್ನು ಬಿಟ್ಟೇ ಇಲ್ಲ, 1.4 ಆದ ಮೇಲೆ 2.0. ಅಂದರೆ ಅದು ನಕಲು. ನಕಲೆಲ್ಲ ಕೆಟ್ಟದು ಅಂತಲ್ಲ, ಎಷ್ಟೋ ಗಾಡಿಗಳಲ್ಲಿ ಕೆಲಸ ಮಾಡುತ್ತವೆ. ಆದರೆ ಕೆಲವು ಅರ್ಧದಲ್ಲಿ ಕನೆಕ್ಷನ್ ಬಿಡುತ್ತವೆ, ಕೆಲವು ಒಂದು ಗಾಡಿಗೆ ಸೇರಿದರೆ ಇನ್ನೊಂದಕ್ಕೆ ಸೇರುವುದಿಲ್ಲ. ವಾಪಸ್ ಮಾಡಲು ಆಗುವ ಕಡೆ ತಗೊಂಡು ಅವತ್ತೇ ಹಾಕಿ ನೋಡು. ಕೆಲಸ ಆದ ಮೇಲೆ ಕಿತ್ತಿಡು. ಆ ಸಾಕೆಟ್‌ಗೆ ಬ್ಯಾಟರಿಯಿಂದ ಯಾವಾಗಲೂ ಕರೆಂಟ್ ಇರುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಅಡಾಪ್ಟರ್ ಬ್ಯಾಟರಿಯನ್ನು ಇಳಿಸಿಬಿಡಬಹುದು.

ಟ್ಯಾಬ್ಲೆಟ್ ನಿನಗೆ ಈಗ ಬೇಡ. ಎಬಿಎಸ್ (ಬ್ರೇಕ್), ಏರ್‌ಬ್ಯಾಗ್‌ನ ಕೋಡ್ ಓದುವುದು, ಫ್ಯಾನ್, ಪಂಪ್ ಇವನ್ನೆಲ್ಲ ಅಲ್ಲಿಂದಲೇ ಓಡಿಸಿ ನೋಡುವುದು ಅದರ ಕೆಲಸ. ಅದೂ ನಿನ್ನ ಮಾಡೆಲ್‌ಗೆ ಸಪೋರ್ಟ್ ಇದ್ದರೆ ಮಾತ್ರ. ಕೆಲವಕ್ಕೆ ಒಂದೆರಡು ವರ್ಷ ಆದಮೇಲೆ ಅಪ್‌ಡೇಟ್‌ಗೆ ಬೇರೆ ದುಡ್ಡು ಕಟ್ಟಬೇಕು. ನನ್ನ ಕೇಳಿದರೆ ವೈರ್ ಇರುವ, ತನ್ನದೇ ಪರದೆ ಇರುವ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಗೋ. ಫೋನ್, ಆ್ಯಪ್, ಜೋಡಿಸುವ ರಗಳೆ ಏನೂ ಇಲ್ಲ. ಮನೆಯಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಅಪ್ಪನ ಹಳೇ ಗಾಡಿಗೂ ಬಳಸುವ ಯೋಚನೆ ಇದ್ದರೆ ಮೊದಲು ಅದು ಓಬಿಡಿ-2 (ಈ ಸ್ಕ್ಯಾನರ್‌ಗಳು ಓದುವ ಪದ್ಧತಿ) ಹೌದಾ ಅಂತ ಬಾನೆಟ್ ಒಳಗಿನ ಸ್ಟಿಕ್ಕರ್ ಅಥವಾ ಮ್ಯಾನುಯಲ್‌ನಲ್ಲಿ ನೋಡು. ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯ, ಯುರೋಪಿನಲ್ಲಿ ಪೆಟ್ರೋಲ್ ಗಾಡಿಗೆ 2001ರಿಂದ, ಬೇರೆ ಕಡೆ ಬೇರೆ ಬೇರೆ ವರ್ಷ. ಸಾಕೆಟ್ ಕಂಡಿತು ಅಂದ ಮಾತ್ರಕ್ಕೆ ನಂಬಬೇಡ.

ಸ್ಕ್ಯಾನರ್ ಬಂದ ದಿನ ಲೈಟ್ ಹೋಗಲಿ ಅಂತ ಕ್ಲಿಯರ್ ಒತ್ತಿಬಿಡಬೇಡ. ಒತ್ತಿದರೆ ಫ್ರೀಜ್ ಫ್ರೇಮ್ ಕೂಡ ಅಳಿಸಿಹೋಗುತ್ತದೆ, ನಮಗೆ ನೋಡಲು ಏನೂ ಉಳಿಯುವುದಿಲ್ಲ. ಮೊದಲು ಕೋಡ್‌ನದೊಂದು, ಫ್ರೀಜ್ ಫ್ರೇಮ್‌ನದೊಂದು ಫೋಟೋ ತೆಗಿ. ಆಮೇಲೆ ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಫ್ಯುಯಲ್ ಟ್ರಿಮ್ ಎಷ್ಟಿದೆ ಅಂತ ಇನ್ನೊಂದು. ಮೂರನ್ನೂ ಇಲ್ಲೇ ಗ್ರೂಪ್‌ಗೆ ಹಾಕು, ನೋಡಿದ ತಕ್ಷಣ ಫೋನ್ ಮಾಡುತ್ತೇನೆ.